ನಮ್ಮ ಓಣಿ ಚೊಕ್ಕ ಐತಿ

ನನ್ನ ಅಕ್ಷರ ದುಂಡಗೆ. ಒಂದು ಕಾಲಕ್ಕೆ ಇದನ್ನು ನಾಲ್ಕು ಜನರಿಗೆ ಕೇಳುವಂತೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದೋನಿಯಲ್ಲಿ ಹತ್ತಿ ವ್ಯಾಪಾರದ ಮನೆಯಲ್ಲಿ ಹುಟ್ಟಿ, ಐದು ತರಗತಿ ಕಲಿತು, ಹದಿನೇಳಕ್ಕೆ ಪೆದ್ದಹರಿವಾಣದ ಗೌಡರ ಮನೆಗೆ ಸೊಸೆಯಾಗಿ ಬಂದೆ. ಮಾವ ಊರಿನ ಮುನಸೀಬರು. ಊರಿನ ಹುಟ್ಟು ಸಾವು ಬರೆಸಿಡುವುದು, ಆದೋನಿಯ ತಾಲೂಕು ಕಚೇರಿಗೆ ವರದಿ ಕಳಿಸುವುದು ಅವರ ಕೆಲಸ. ಗಂಡ ಹತ್ತಿ ಖರೀದಿಗೆಂದು ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಸುತ್ತುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ನನಗೆ ಮಾತಿಗೆ ಸಿಗುತ್ತಿದ್ದವರು ಅತ್ತೆ ಮತ್ತು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನಾದಿನಿ, ಇಬ್ಬರೇ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಶ್ರಾವಣದ ನಡುವೆ, ಉರುಕುಂದದ ಜಾತ್ರೆಗೆ ಹೋದವರು ವಾಪಸು ಬರುವ ಹೊತ್ತಿಗೆ ಆದೋನಿಯ ಹತ್ತಿ ಗೋದಾಮುಗಳಲ್ಲಿ ಇಲಿ ಬೀಳತೊಡಗಿದವೆಂದು ಸುದ್ದಿ ಬಂತು. 'ಇಲಿ ಬಿತ್ತು' ಎಂದರೆ ಈಗಿನ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ನಮಗೆ ಆ ಎರಡು ಶಬ್ದ ಕೇಳಿದರೆ ಕೈಯಲ್ಲಿದ್ದ ತುತ್ತು ಕೆಳಗಿಳಿಯುತ್ತಿತ್ತು. ಮೊದಲು ಮಾಳಿಗೆಯ ತೊಲೆಯ ಮೇಲಿಂದ ಇಲಿ ಬೀಳುತ್ತದೆ. ಆಮೇಲೆ ಅದೇ ಮನೆಯ ಮನುಷ್ಯರು, ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಂಟು ಕಟ್ಟಿ, ಜ್ವರ ಏರಿ, ನಾಲ್ಕೈದು ದಿನದಲ್ಲಿ ಹೋಗುತ್ತಾರೆ. ಪ್ಲೇಗು ಎಂಬ ಹೆಸರನ್ನು ಅತ್ತೆ ಬಾಯಲ್ಲಿ ತರುತ್ತಿರಲಿಲ್ಲ. 'ದೊಡ್ಡ ಬ್ಯಾನಿ' ಅನ್ನುತ್ತಿದ್ದರು, ಹೆಸರು ಹಿಡಿದು ಕರೆದರೆ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬ ಅಂಜಿಕೆ.

ವಾರದೊಳಗೆ ನಮ್ಮೂರ ಕೆಳಗಿನ ಓಣಿಯಲ್ಲೂ ಇಲಿ ಬಿತ್ತು. ಆದೋನಿಯಿಂದ ಹೆಲ್ತ್ ಇನ್ಸ್‌ಪೆಕ್ಟರು ಬಂದು ಚಾವಡಿ ಕಟ್ಟೆಯ ಮೇಲೆ ನಿಂತು ಕಾನೂನು ಹೇಳಿದರು. ಸತ್ತ ಇಲಿಯನ್ನು ಕೈಯಿಂದ ಮುಟ್ಟಬಾರದು, ಸೀಮೆಎಣ್ಣೆ ಸುರಿದು ಸುಡಬೇಕು. ಇಲಿ ಬಿದ್ದ ಮನೆಯವರು ಅಂದೇ ಮನೆ ಬಿಟ್ಟು ಊರಾಚೆಯ ಎತ್ತರದ ಮರಡಿಯ ಮೇಲೆ ಗುಡಿಸಲು ಹಾಕಿಕೊಳ್ಳಬೇಕು. ಆ ಓಣಿಗೆ ಬೇರೆ ಯಾರೂ ಕಾಲಿಡಬಾರದು. ಯಾವ ಓಣಿಯಲ್ಲಿ ಇಲಿ ಬಿದ್ದಿದೆ, ಯಾವುದು ಚೊಕ್ಕ ಇದೆ ಎಂದು ದಿನಾ ಬೆಳಿಗ್ಗೆ ಡಂಗುರ ಸಾರಿಸಬೇಕು. ಕೊನೆಗೆ, ಎಲ್ಲರೂ ಸೂಜಿ ಹಾಕಿಸಿಕೊಳ್ಳಿ ಎಂದರು. ಸೂಜಿಯ ಮಾತು ಬಂದದ್ದೇ ತಡ, ಕಟ್ಟೆಯ ಮುಂದಿನ ಗುಂಪು ಅರ್ಧ ಕರಗಿತು.

ಬರೆಯುವ ಕೆಲಸ ನಿಜವಾಗಿ ಊರಿನ ಲೆಕ್ಕ ನೋಡುವ ಕರಣಂನದು. ಆ ಪುಣ್ಯಾತ್ಮ ಇನ್ಸ್‌ಪೆಕ್ಟರು ಬರುವ ಮೊದಲೇ ಹೆಂಡತಿ, ಮಕ್ಕಳು, ಉಪ್ಪಿನಕಾಯಿ ಭರಣಿ ಸಮೇತ ಗೋನೆಗಂಡ್ಲದ ಬೀಗರ ಮನೆ ಸೇರಿದ್ದ. ಮಾವನಿಗೆ ಎರಡೂ ಕಣ್ಣಿಗೆ ಪೊರೆ. ಕಾಗದ ಮೂಗಿಗೆ ಹಿಡಿದರೂ ಸಾಲು ಕಾಣುತ್ತಿರಲಿಲ್ಲ. ಹೀಗೆ ಗೌಡರ ಮನೆಯ ಸೊಸೆಯ ಕೈಗೆ ಊರಿನ ಸುದ್ದಿ ಬಂತು.

ದಿನಾ ಬೆಳಿಗ್ಗೆ ಡಂಗುರ ಸಾರುವ ತಳವಾರ ಮರಡಿಯಿಂದ ಇಳಿದು ಓಣಿ ಓಣಿ ನೋಡಿಕೊಂಡು ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ. ಅವನು ತಂದ ಸುದ್ದಿ ಕೇಳಿ ಮಾವ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅವನಿಗೆ ಓದು ಬಾರದು. ನಾನು ಎರಡು ಸಲ ಓದಿ ಹೇಳಿದರೆ ಸಾಕು, ಒಂದು ಶಬ್ದ ಆಚೀಚೆ ಆಗದಂತೆ ಬಾಯಿಪಾಠ ಮಾಡಿ, ಡಂಗುರದ ಹಲಗೆ ಬಡಿಯುತ್ತ ಹೋಗುತ್ತಿದ್ದ. ಮೊದಲು 'ಕೇಳ್ರಪ್ಪೋ ಕೇಳ್ರಿ' ಎಂದು ಕನ್ನಡದಲ್ಲಿ, ಆಮೇಲೆ 'ವಿನಂಡಯ್ಯಾ ವಿನಂಡಿ' ಎಂದು ತೆಲುಗಿನಲ್ಲಿ. ಊರಲ್ಲಿ ಸಾರಿ ಮುಗಿಸಿ ಮರಡಿಯ ಗುಡಿಸಲುಗಳ ನಡುವೆಯೂ ಸಾರುತ್ತಿದ್ದ. ಒಮ್ಮೆ ಯಾರೋ ನಿನ್ನ ಮಾತು ಖರೇನೋ ಸುಳ್ಳೋ ಅಂದದ್ದಕ್ಕೆ ಅವರ ಮನೆಯ ಮುಂದೆಯೇ ಹಲಗೆ ಕೆಳಗಿಟ್ಟು ಜಗಳ ತೆಗೆದಿದ್ದ.

"ನಮ್ಮಪ್ಪನ ಕಾಲದಿಂದ ಈ ಹಲಗಿ ಬಡಿತೀವಿ. ಇದರ ಮ್ಯಾಲೆ ಸುಳ್ಳು ಬಂದಿಲ್ಲ," ಅಂದಿದ್ದನಂತೆ.

ನಾನು ಒಳಗೆ ರೊಟ್ಟಿ ತಟ್ಟುತ್ತ, ನಾನೇ ಬರೆದ ಮಾತು ಬೀದಿಯಲ್ಲಿ ಗಟ್ಟಿಯಾಗಿ ಹೋಗುವುದನ್ನು ಕೇಳುತ್ತಿದ್ದೆ. ಜನ ಸಾಯುತ್ತಿದ್ದರು, ನನಗೆ ಒಳಗೊಳಗೆ ಖುಷಿ. ಇದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ತಳವಾರನ ಹೆಂಡತಿ ಸೂಲಗಿತ್ತಿ. ಊರಿನ ಅರ್ಧ ಮಕ್ಕಳು ಮೊದಲು ಕಂಡದ್ದು ಅವಳ ಮುಖವನ್ನೇ. ಕೆಳಗಿನ ಓಣಿಯಲ್ಲಿ ಇಲಿ ಬಿದ್ದ ದಿನವೇ ಅವರ ಸಂಸಾರ ಮರಡಿಗೆ ಹೋಗಿತ್ತು. ಗಣೇಶನ ಹಬ್ಬಕ್ಕೆ ಎರಡು ದಿನ ಇರುವಾಗ ನಾದಿನಿಯ ಹೊಟ್ಟೆ ನೋಡಲು ಬಂದಳು. ನೋಡಿ, ಕೈ ತೊಳೆದು, ಅತ್ತೆಯ ಮುಂದೆ ನಿಂತು ನೇರವಾಗಿ ಹೇಳಿದಳು.

"ದಿನ ತುಂಬ್ಯಾವ್ರಿ ದೊಡ್ಡವ್ವಾರ. ಒಂದು ಮಾತು ಈಗ್ಲೇ ಹೇಳತೀನಿ. ಇಲಿ ಬಿದ್ದ ಓಣಿಗೆ ನಾ ಬರಂಗಿಲ್ಲ. ನನಗೂ ಮೂರು ಮಕ್ಕಳದಾವು. ಹಂಗೇನಾರ ಆತಂದ್ರ ಈಕಿನ್ನ ಬಂಡ್ಯಾಗ ಕುಂದರಿಸಿ ಮರಡಿಗೆ ಕಳಸ್ರಿ, ನನ್ನ ಗುಡಿಸಲಾಗ ಹಡಸತೀನಿ. ಓಣಿ ಚೊಕ್ಕ ಇದ್ರ ಎಷ್ಟೊತ್ತಿಗೆ ಕರದ್ರೂ ಬರತೀನಿ."

ಇದಕ್ಕಿಂತ ನ್ಯಾಯದ ಮಾತು ಇನ್ನೇನಿರುತ್ತದೆ? ಅವಳು ಅತ್ತ ಹೋದ ಮೇಲೆ ಅತ್ತೆ ಸೆರಗು ಕೊಡವಿದರು.

"ಗೌಡರ ಮಗಳು ತಳವಾರರ ಗುಡಿಸಲಾಗ ಹಡದ್ಳಂದ್ರ ಬೀಗರ ಮುಂದ ಹ್ಯಾಂಗ ಮುಖ ತೋರಸೂದು? ಅದೂ ಅಲ್ಲದ ತುಂಬಿದ ಬಸುರಿ. ಬಯಲಾಗ ಗಾಳಿ ಸೋಕಿದ್ರ ಏನು ಮಾಡ್ತೀರಿ?"

ನಾದಿನಿ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಪಾದಗಳು ಊದಿಕೊಂಡು ಕಾಲುಂಗುರ ಒಳಗೆ ಕಚ್ಚಿಕೊಂಡಿದ್ದವು. "ಅತ್ತಿಗಿ, ನನ್ನ ಬಯಲಿಗೆ ಹಾಕಬ್ಯಾಡ್ರಿ," ಅಂದಳು. ನನಗಿಂತ ಒಂದು ವರ್ಷ ಸಣ್ಣವಳು. ಆ ಮನೆಯಲ್ಲಿ ನನ್ನನ್ನು ಮೊದಲ ದಿನದಿಂದ ಒಳಗೆ ಸೇರಿಸಿಕೊಂಡವಳು ಅವಳೊಬ್ಬಳೇ. ಅವಳಿಗೆ ಏನೂ ಆಗಬಾರದು ಎಂದು ನಾನು ದಿನಾ ಲಿಂಗಪೂಜೆಯ ಹೊತ್ತಿಗೆ ಕೇಳಿಕೊಳ್ಳುತ್ತಿದ್ದೆ.

ಗಣೇಶನ ಹಬ್ಬದ ಮರುದಿನ ನಮ್ಮ ಕಡೆ ಇಲಿವಾರ. ಅಂದು ಬಟ್ಟೆ ಕತ್ತರಿಸುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ, ಇಲಿಯನ್ನು ಗದರಿಸುವಂತೆಯೂ ಇಲ್ಲ. ಗಣೇಶನ ವಾಹನ ಅದು. ಅಂದು ಅದಕ್ಕೆ ಉಣ್ಣಲಿಟ್ಟರೆ ವರ್ಷವಿಡೀ ಜೋಳದ ಚೀಲ, ಸೀರೆ ಗಂಟು ಕಡಿಯದೆ ಬಿಡುತ್ತದೆ ಎಂದು ನಂಬಿಕೆ. ಊರೆಲ್ಲ ಇಲಿಗೆ ಹೆದರಿ ಓಡುತ್ತಿರುವಾಗ ನಮ್ಮ ಅತ್ತೆ ಬೆಳಗಾಗುತ್ತಲೇ ಕಡುಬು, ಒಂದು ಹಿಡಿ ಜೋಳ ತಟ್ಟೆಯಲ್ಲಿಟ್ಟು ಕಣಜದ ಕೋಣೆಯ ಮೂಲೆಯಲ್ಲಿ ಇಟ್ಟು ಬಂದರು. ನಾನು ನಕ್ಕಿದ್ದೆ. "ಈ ವರ್ಷ ಉಣ್ಣಾಕ ಅವು ಉಳದಿದ್ದರಲ್ಲ ಅತ್ತೀ," ಅಂದೆ.

ಸ್ವಲ್ಪ ಹೊತ್ತಿಗೆ ಅತ್ತೆ ಕೂಗಿದರು. ಅದು ಕೂಗಲ್ಲ, ನನ್ನ ಕಡೆಗೆ ಬಿಟ್ಟ ಉಸಿರು. ಹೋಗಿ ನೋಡಿದರೆ ತಟ್ಟೆಯ ಪಕ್ಕದಲ್ಲಿ ಒಂದು ದೊಡ್ಡ ಇಲಿ. ಇನ್ನೂ ಸತ್ತಿರಲಿಲ್ಲ. ಕುಡಿದವನಂತೆ ಎರಡು ಸುತ್ತು ತಿರುಗಿ, ಕಡುಬಿನ ಮೇಲೆ ಮೂತಿಯಿಟ್ಟು, ಹಾಗೇ ಕಾಲು ಚಾಚಿತು. ಬೆಳಕಿಂಡಿಯಿಂದ ಬಿಸಿಲು ಅದರ ಮೇಲೇ ಬೀಳುತ್ತಿತ್ತು.

"ಮಾವಗ ಹೇಳಬೇಕ್ರಿ ಅತ್ತೀ. ಸೀಮಿಎಣ್ಣಿ ತರತೀನಿ."

"ಏನಂದಿ?" ಅತ್ತೆಯ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿ. "ಅವನ ದಿನ, ಅವನ ವಾಹನ, ನಮ್ಮ ಮನ್ಯಾಗ ಉಂಡು ಮಲಗೇತಿ. ಇದನ್ನ ಎಣ್ಣಿ ಸುರದು ಸುಡಬೇಕಾ? ಅದೂ ಬಸುರಿ ಇರೋ ಮನ್ಯಾಗ? ಹೋಗು, ನಿಮ್ಮ ಮಾವಗ ಹೇಳು. ಹೇಳಿ, ಆಕಿನ್ನ ಬಯಲಿಗೆ ಹಾಕು. ಆಮ್ಯಾಲೆ ಏನಾರ ಆದ್ರ ನೀನೇ ಬರಕೋ ನಿನ್ನ ದುಂಡನ್ನ ಅಕ್ಷರದಾಗ."

ಅಂದು ಬಟ್ಟೆ ಕತ್ತರಿಸಬಾರದಲ್ಲ. ಅದಕ್ಕೆ ಪೆಟ್ಟಿಗೆಯಿಂದ ಇಡೀ ಒಂದು ಹೊಸ ಹಸಿರು ಕುಪ್ಪಸದ ಖಣ ತೆಗೆದು, ಇಲಿಯನ್ನು ಕೈಯಿಂದಲೇ ಎತ್ತಿ ಸುತ್ತಿದರು. ಹಿತ್ತಲಿನ ಪತ್ರಿ ಗಿಡದ ಬುಡದಲ್ಲಿ ಮಣ್ಣು ತೋಡಿ, ಅರಿಸಿನ ಕುಂಕುಮ ಹಾಕಿ ಹೂಳಿದರು. ನಾನು ಚೆಂಬಿನಲ್ಲಿ ನೀರು ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ತಳವಾರ ಕೆಮ್ಮಿದ.

ಎಲ್ಲವನ್ನೂ ಅತ್ತೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು, ಎಷ್ಟೋ ವರ್ಷ ಹಾಗೆಯೇ ಮಾಡಿದೆ. ಆದರೆ ಅತ್ತೆ ಇಲಿ ಹೂಳಿದರು, ಅಷ್ಟೇ. ಮಾವ ಎಂದಿನಂತೆ ಒಂದೊಂದೇ ಓಣಿಯ ಹೆಸರು ಹೇಳಿ, ಕೊನೆಗೆ ನನ್ನ ಕಡೆ ಮುಖ ತಿರುಗಿಸಿ, "ನಮ್ಮ ಓಣಿ?" ಎಂದು ಕೇಳಿದಾಗ ಉತ್ತರ ಕೊಟ್ಟ ಬಾಯಿ ನನ್ನದು.

"ಚೊಕ್ಕ ಐತ್ರಿ ಮಾವ."

ಬರೆದೆ. ತಳವಾರನಿಗೆ ಎರಡು ಸಲ ಓದಿ ಹೇಳಿದೆ. ಹಲಗೆಯ ಸದ್ದು ಓಣಿಯ ತಿರುವಿನಲ್ಲಿ ಸಣ್ಣದಾಗುವವರೆಗೂ ಬಾಗಿಲ ಹಿಂದೆ ನಿಂತಿದ್ದೆ. ಅಂದು ತಟ್ಟುವಾಗಲೇ ಮೂರು ರೊಟ್ಟಿ ಹರಿದವು.

ಮರುದಿನ ಮತ್ತೆ ಬರೆದೆ. ಅದರ ಮರುದಿನವೂ. ಮೊದಲ ಸಲದಷ್ಟು ಕಷ್ಟವಾಗಲಿಲ್ಲ, ಅದೇ ನನಗೆ ಈಗ ಭಯ ಹುಟ್ಟಿಸುವ ಸಂಗತಿ. ಮನೆಯೊಳಗೆ ಮಾತ್ರ ಏನೋ ಬದಲಾಗಿತ್ತು. ನಮ್ಮ ಬೆಕ್ಕು ಎರಡು ದಿನದಿಂದ ಕಾಣಲಿಲ್ಲ. ತೊಲೆಯ ಮೇಲೆ ದಿನಾ ಕೇಳುತ್ತಿದ್ದ ಕರಕರ ಸದ್ದು ನಿಂತುಹೋಗಿತ್ತು. ಕಣಜದ ಕೋಣೆಯಿಂದ ಒಂದು ವಾಸನೆ ಬರತೊಡಗಿತ್ತು. ಅತ್ತೆ ಲೋಬಾನ ಹಾಕುತ್ತಿದ್ದರು, ಅದರ ಬಗ್ಗೆ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಓಣಿಯ ಉಳಿದ ಮನೆಗಳವರು ಹೆದರಿ ಮೊದಲೇ ಮರಡಿಗೆ ಹೋಗಿದ್ದರು. ಸಾಲು ಸಾಲು ಬೀಗ ಹಾಕಿದ ಬಾಗಿಲುಗಳ ನಡುವೆ ನಮ್ಮದೊಂದೇ ಒಲೆ ಹೊಗೆಯಾಡುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ನಾದಿನಿಗೆ ನೋವು ಬಂತು. ಮಾವ ತಳವಾರನನ್ನೇ ಮರಡಿಗೆ ಓಡಿಸಿದರು. ಸೂಲಗಿತ್ತಿ ಬಂದಳು. ಬರುವಾಗ ದಾರಿಯಲ್ಲಿ ಗಂಡನನ್ನು ಕೇಳಿದಳಂತೆ, ಇವತ್ತು ಗೌಡರ ಓಣಿ ಏನಂತ ಸಾರಿದಿ ಎಂದು. ಚೊಕ್ಕ ಅಂದನಂತೆ. ಆದರೂ ನಮ್ಮ ಹೊಸ್ತಿಲ ಮುಂದೆ ನಿಂತು ಮೂಗು ಅರಳಿಸಿದಳು.

"ಸಣ್ಣವ್ವಾರ, ಇಲಿ ಬಿದ್ದಿಲ್ಲಲ್ಲ?"

"ಡಂಗುರ ಕೇಳಿಲ್ಲೇನು?" ಅಂದೆ ನಾನು. ಸುಳ್ಳು ಕೂಡ ನೆಟ್ಟಗೆ ಹೇಳುವ ಧೈರ್ಯ ಇರಲಿಲ್ಲ.

ಒಳಗೆ ನಾದಿನಿ ಚೀರಿದಳು. ಸೂಲಗಿತ್ತಿ ಮತ್ತೇನೂ ಕೇಳದೆ ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು ಒಳಗೆ ಹೋದಳು. ನಮ್ಮಲ್ಲಿ ಹೆರಿಗೆ ಕಣಜದ ಕೋಣೆಯಲ್ಲೇ. ಬೆಚ್ಚಗಿರುತ್ತದೆ, ಧಾನ್ಯದ ನಡುವೆ ಹುಟ್ಟಿದ ಮಗುವಿಗೆ ಅನ್ನ ತಪ್ಪದು ಎಂದು. ಸಂಜೆಗೆ ಮುಂಚೆ ಗಂಡು ಮಗು ಹುಟ್ಟಿತು. ಆ ನೆಲದ ಮೇಲೆ ಸೂಲಗಿತ್ತಿ ಎಷ್ಟೋ ಹೊತ್ತು ಕುಂತಿದ್ದಳು. ಎದ್ದು ನಿಂತಾಗ ಚಿಗಟ ಕಚ್ಚಿದಂತೆ ಕಾಲು ಕೆರೆದುಕೊಂಡಳು. ನಾನು ನೋಡಿದೆ.

ಕೂಸಿನ ಹಿಂದೆ ಬಿದ್ದ ಮಾಸನ್ನು ಹಿತ್ತಲಲ್ಲಿ ಹೂಳುವುದು ಸೂಲಗಿತ್ತಿಯ ಕೆಲಸ. ಎರೆಮಣ್ಣು ಎಲ್ಲ ಕಡೆ ಬಿರುಸಾಗಿತ್ತು. ಗುದ್ದಲಿ ಹಿಡಿದು ಅಲ್ಲಿ ಇಲ್ಲಿ ಕುಟ್ಟಿ ನೋಡಿ, ಪತ್ರಿ ಗಿಡದ ಬುಡದಲ್ಲಿ ಮೆತ್ತಗೆ ಸಿಕ್ಕಿತೆಂದು ಅಲ್ಲೇ ತೋಡತೊಡಗಿದಳು. ಬಿಸಿನೀರು ತಂದ ನಾನು ಬಾಗಿಲಲ್ಲೇ ನಿಂತೆ. ಅಲ್ಲಿ ಬೇಡ ಎಂದು ಕೂಗಲಿಲ್ಲ. ಮೂರನೆಯ ಏಟಿಗೆ ಹಸಿರು ಖಣ ಮೇಲೆ ಬಂತು. ಗುದ್ದಲಿಯ ತುದಿಯಿಂದ ಬಿಡಿಸಿ ನೋಡಿದಳು. ಆಮೇಲೆ ಬಹಳ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಎಂದು ಬಿತ್ತು?"

"ಇಲಿವಾರದ ದಿನ. ಬೆಳಿಗ್ಗೆ."

ಬೈಯುತ್ತಾಳೆ, ಎದೆ ಬಡಿದುಕೊಂಡು ಊರಿಗೆಲ್ಲ ಹೇಳುತ್ತಾಳೆ ಎಂದು ಕಾದೆ. ಹಾಗೆ ಮಾಡಿದ್ದರೆ ನಾನು ಅವಳ ಕಾಲು ಹಿಡಿಯುತ್ತಿದ್ದೆ. ಅವಳು ಮಣ್ಣು ಮುಚ್ಚಿದಳು. ಬೇರೆ ಕಡೆ ಬಿರುಸು ನೆಲದಲ್ಲೇ ತೋಡಿ ತನ್ನ ಕೆಲಸ ಮುಗಿಸಿದಳು. ಮೊಣಕೈವರೆಗೂ ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು.

"ಹೊತ್ತು ಮುಣಗೂದ್ರಾಗ ಬಾಣಂತಿ ಕೂಸಿನ್ನ ಬಂಡ್ಯಾಗ ಹಾಕಿ ಮರಡಿಗೆ ಕರಕೊಂಡು ಬರ್ರಿ. ನೀವೆಲ್ಲಾರೂ ಬರ್ರಿ. ಒಂದು ಬಟ್ಟೀನೂ ಮನಿಯಿಂದ ತರಬ್ಯಾಡ್ರಿ," ಅಂದಳು. ಹೊರಡುವಾಗ ಹತ್ತಿರ ಬಂದು ದನಿ ತಗ್ಗಿಸಿದಳು. "ನನ್ನ ಗಂಡಗ ಹೇಳಬ್ಯಾಡ್ರಿ ಸಣ್ಣವ್ವಾರ. ಮೂರು ದಿನ ಅವನ ಬಾಯಿಂದ ಹೋಗೇತಿ ಆ ಮಾತು. ಅದಕ್ಕ ನಾ ಬಂದೀನಂತ ತಿಳದ್ರ ಅವ ಬದುಕಂಗಿಲ್ಲ."

ಮಾವನಿಗೆ, ಖಾಲಿ ಓಣಿಯಲ್ಲಿ ಬಾಣಂತಿಯನ್ನಿಟ್ಟುಕೊಂಡು ನಾವಷ್ಟೇ ಇರುವುದು ಬೇಡ ಎಂದಷ್ಟೇ ಹೇಳಿ, ಅಂದು ಸಂಜೆಯೇ ಮನೆ ಬಿಟ್ಟೆವು. ಅತ್ತೆ ಒಂದು ಮಾತೂ ಎದುರಾಡಲಿಲ್ಲ. ಗೌಡರ ಮಗಳು ಹಡೆದ ದಿನವೇ ಮರಡಿಯ ಮೇಲೆ, ತಳವಾರರ ಗುಡಿಸಲಿಂದ ನಾಲ್ಕು ಮಾರು ದೂರದಲ್ಲಿ ಹಾಸಿದ ಹುಲ್ಲಿನ ಮೇಲೆ ಮಲಗಿದಳು. ಅವಳಿಗೂ ಕೂಸಿಗೂ ಏನೂ ಆಗಲಿಲ್ಲ. ಯಾವ ಗಾಳಿಯೂ ಸೋಕಲಿಲ್ಲ.

ಅಂದಿನಿಂದ ಸುದ್ದಿಯಲ್ಲಿ ನಮ್ಮ ಓಣಿಯ ಮಾತೇ ಬರದಂತೆ ನೋಡಿಕೊಂಡೆ. ಓಣಿ ಖಾಲಿ ಇದೆ, ಯಾರಿಗೆ ಹೇಳಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆರಿಗೆಯಾದ ನಾಲ್ಕನೆಯ ದಿನ ಸೂಲಗಿತ್ತಿಗೆ ಚಳಿ ಜ್ವರ ಬಂತು. ಮರುದಿನ ತೊಡೆಯ ಸಂದಿಯಲ್ಲಿ ಗಂಟು. ಮಕ್ಕಳನ್ನು ಬೇರೆ ಗುಡಿಸಲಿಗೆ ಕಳಿಸಿದರು. ನಾನು ಗಂಜಿ ಒಯ್ದು ಬಾಗಿಲಲ್ಲಿಟ್ಟೆ. ಒಳಗೆ ಬರಬೇಡಿ ಎಂದು ಕೈ ಆಡಿಸಿದಳು. ಕಣ್ಣು ಕೆಂಡವಾಗಿದ್ದವು, ಆದರೂ ಗುರುತು ಹಿಡಿದಳು.

"ಕೂಸು ಹಾಲು ಹಿಡದೈತೇನ್ರಿ?"

"ಹಿಡದೈತಿ," ಅಂದೆ. ನನಗೆ ಅಳು ತಡೆಯಲಾಗಲಿಲ್ಲ. "ನನ್ನ ಬೈದುಬಿಡು. ಒಂದು ಸಲ ಬೈದುಬಿಡು."

"ಬೈದ್ರ ಅವ ಕೇಳತಾನ್ರಿ," ಅಂದಳು. "ಹೇಳಬ್ಯಾಡ್ರಿ ಅಂದೀನಲ್ಲ." ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಮಾತು ನಾನು ಕೇಳಿದ್ದು ಅದೇ ಕೊನೆ.

ಅದಾಗಿ ಮೂರನೆಯ ದಿನ ಬೆಳಗಿನ ಹೊತ್ತು ಹೋದಳು. ಹೊರಲು ಜನ ಬರಲಿಲ್ಲ. ತಳವಾರ, ಅವನ ತಮ್ಮ, ಇಬ್ಬರೇ ಹೊತ್ತರು. ಹೆಣದ ಮುಂದೆ ಹಲಗೆ ಬಡಿಯುವವನು ಅವನೇ, ಆದ್ದರಿಂದ ಹಲಗೆಯೂ ಇಲ್ಲದೆ ಹೋದಳು.

ಆ ದಿನವೇ ಮಳೆ ಹಿಡಿಯಿತು. ಗುಡಿಸಲುಗಳು ಸೋರತೊಡಗಿದವು, ಕಾಲ ಕೆಳಗೆ ಎರೆ ಕೆಸರಾಯಿತು. ನಮ್ಮ ಓಣಿಯವರು ಬಂದು ಮಾವನ ಮುಂದೆ ನಿಂತರು. ನಮ್ಮ ಓಣಿ ಚೊಕ್ಕ ಇದೆಯಲ್ಲ, ಮಕ್ಕಳು ನೆನೆಯುತ್ತಿದ್ದಾರೆ, ನಾಳೆ ಮನೆಗೆ ಹೋಗುತ್ತೇವೆ ಎಂದರು. ಹನ್ನೊಂದು ಮನೆ. ನಾನು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಗಾದ ಮೇಲೆ ಮಾವನ ಕಾಲ ಬಳಿ ಕುಂತು ಎಲ್ಲ ಹೇಳಿದೆ. ಇಲಿ, ಖಣ, ಪತ್ರಿ ಗಿಡ, ಸೂಲಗಿತ್ತಿ ಕೇಳಿಕೊಂಡದ್ದು. ಅತ್ತೆ ಕೂಸನ್ನು ಎತ್ತಿಕೊಂಡು ಹೊರಗೆ ಮಳೆಯಲ್ಲಿ ಹೋಗಿ ನಿಂತರು.

"ಬರಿ," ಅಂದರು ಮಾವ ಕೊನೆಗೆ.

'ಗೌಡರ ಮನೆಯಲ್ಲಿ ಇಲಿ ಬಿದ್ದಿದೆ. ಗೌಡರ ಓಣಿಗೆ ಯಾರೂ ಕಾಲಿಡಬಾರದು.' ಬರೆದೆ. ಅಕ್ಷರ ಎಂದಿನ ಹಾಗೆ ದುಂಡಗೆ ಬಂದವು, ಕೈಗೆ ನಾಚಿಕೆಯೇ ಇರಲಿಲ್ಲ.

ತಳವಾರ ಬಂದ. ಬರುವುದಿಲ್ಲವೆಂದುಕೊಂಡಿದ್ದೆವು. ತಲೆಗೆ ಗೋಣಿ ಕೊಪ್ಪೆ, ಹಲಗೆ ನೆನೆಯದಂತೆ ಅದರೊಳಗೆ ಅವುಚಿ ಹಿಡಿದಿದ್ದ. ಎಂದಿನಂತೆ ಬಾಗಿಲಲ್ಲಿ ನಿಂತು, ಓದ್ರಿ ಸಣ್ಣವ್ವಾರ, ಅಂದ. ಒಂದು ಸಲ ಓದಿದೆ. ಎರಡನೆಯ ಸಲ ಓದುವಷ್ಟರಲ್ಲಿ ಅವನು ಕೈ ಎತ್ತಿ ನಿಲ್ಲಿಸಿದ.

"ಎಂದು ಬಿತ್ತಂತ ಇಲ್ಲಲ್ರಿ ಇದರಾಗ. ಜನ ಕೇಳತಾರ. ಎಂದು ಬಿತ್ರಿ?"

ಅವನು ಜನರ ಸಲುವಾಗಿ ಕೇಳುತ್ತಿಲ್ಲವೆಂದು ಅವನ ಮುಖ ನೋಡಿದ ಯಾರಿಗೂ ತಿಳಿಯುತ್ತಿತ್ತು. ನಾನು ಮಾವನ ಕಡೆ ನೋಡಿದೆ. ಅವರು ಪೊರೆ ಬಂದ ಕಣ್ಣುಗಳನ್ನು ನನ್ನ ದನಿಯಿದ್ದ ಕಡೆಗೇ ನೆಟ್ಟಿದ್ದರು.

"ನಿನ್ನಿ," ಅಂದೆ. "ನಿನ್ನಿ ನಾ ಜ್ವಾಳ ತರಾಕ ಮನಿಗೆ ಹೋಗಿದ್ದೆ. ಆಗ ಕಂಡೆ."

ಮಾವ ಕೆಮ್ಮಿ ಮುಖ ತಿರುಗಿಸಿದರು. ತಳವಾರನ ತುಟಿ ಅಲುಗಿತು, ದಿನ ಎಣಿಸುತ್ತಿದ್ದ. ಎಣಿಸಿ ಮುಗಿಸಿದ ಮೇಲೆ ಮುಖದ ಬಿಗಿ ಸಡಿಲಿ, ಹೆಂಡತಿ ಹೋದಾಗಿನಿಂದ ಬರದಿದ್ದ ನೀರು ಅವನ ಕಣ್ಣಿಗೆ ಬಂತು.

"ಹಂಗಾರ ಆಕಿ ಬಂದ ದಿನ ಚೊಕ್ಕ ಇತ್ತು," ಅಂದ. "ನಾ ಸಾರಿದ್ದು ಸುಳ್ಳಲ್ಲ." ಎರಡೂ ಕೈ ಎತ್ತಿ ನನಗೆ ಮುಗಿದು, ಮಳೆಯಲ್ಲಿ ಹಲಗೆ ಬಡಿಯುತ್ತ ಹೋದ.